ಕೇಳುವವನ ಅಧಿಕಾರ: ಕೊಡಗು ಮತ್ತು ಕರಾವಳಿಯ ಕೊಲೆಕಥನಗಳಲ್ಲಿ ಪತ್ತೆಯ ಸ್ವರೂಪ

ಕನ್ನಡ ವಿಮರ್ಶೆಯು ಪತ್ತೇದಾರಿ ಕಥನವನ್ನು ಬಹುಮಟ್ಟಿಗೆ ಓದುಗರ ಸಂಖ್ಯೆಯ ದೃಷ್ಟಿಯಿಂದಲೇ ನೋಡಿದೆ. ಸಾಮಾನ್ಯ ಜನರಲ್ಲಿ ಓದುವ ಹವ್ಯಾಸ ಬೆಳೆಸಿದ ಪ್ರಕಾರವೆಂಬ ಮೆಚ್ಚುಗೆ ಒಂದು ಕಡೆ. ಹೊತ್ತು ಕಳೆಯುವ ಸರಕೆಂಬ ತಿರಸ್ಕಾರ ಇನ್ನೊಂದು ಕಡೆ. ಈ ಎರಡು ನಿಲುವುಗಳೂ ಆ ಕಥನದ ಒಳರಚನೆಯತ್ತ ಹೆಚ್ಚು ಗಮನ ಹರಿಸಲಿಲ್ಲ. ಕೊಲೆಯಾದ ಮೇಲೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವನು ಯಾರು? ಆ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಕೇಳಿದರೆ ಉತ್ತರಿಸಲೇಬೇಕೆಂದು ಊರಿಗೆ ಅನ್ನಿಸುವುದೇಕೆ? ಕೊಡಗು ಮತ್ತು ಅದರ ಪಶ್ಚಿಮದ ಕರಾವಳಿಗೆ ಸಂಬಂಧಿಸಿದ ಕೆಲವು ಕಥನಗಳನ್ನು ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಡ್ಗರ್ ಅಲೆನ್ ಪೋ 1841ರಲ್ಲಿ ಸೃಷ್ಟಿಸಿದ ದ್ಯೂಪಾನ್, 1887ರಲ್ಲಿ ಕಾಣಿಸಿಕೊಂಡ ಷರ್ಲಾಕ್ ಹೋಮ್ಸ್ ಇಬ್ಬರೂ ಮಹಾನಗರದ ಪತ್ತೇದಾರರು. ಯಾರಿಗೂ ಯಾರ ಪರಿಚಯವೂ ಇಲ್ಲದ ನಗರದಲ್ಲಿ ಸತ್ಯವು ಕುರುಹುಗಳ ರೂಪದಲ್ಲಿ ಚೆದುರಿಹೋಗಿರುತ್ತದೆ. ಅವನ್ನು ಹೆಕ್ಕಿ ಜೋಡಿಸುವ ಬುದ್ಧಿಯೇ ಅಲ್ಲಿ ಪತ್ತೆ. ಸಣ್ಣ ಊರಿನ ಕೊಲೆಕಥೆಯ ನಿಯಮ ಬೇರೆ. ಅಲ್ಲಿ ಅರ್ಧ ಊರಿಗೆ ಅರ್ಧ ಸತ್ಯ ಮೊದಲೇ ಗೊತ್ತಿರುತ್ತದೆ. ಚೆಸ್ಟರ್ಟನ್ನನ ಪಾದ್ರಿ ಬ್ರೌನ್, 1930ರ ಕಾದಂಬರಿಯೊಂದರಿಂದ ಪ್ರಸಿದ್ಧಳಾದ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್, ಈಚಿನ ಅಮೆರಿಕನ್ ಜನಪ್ರಿಯ ಕಾದಂಬರಿಗಳಲ್ಲಿ ಕಡಲತೀರದ ಹಳ್ಳಿಯ ಕೊಲೆಗಳನ್ನು ಬಿಡಿಸುವ ಅಗ್ನಿಶಾಮಕ ದಳದ ಮುಖ್ಯಸ್ಥ, ಇವರಾರೂ ಪೊಲೀಸರಲ್ಲ. ಆದರೆ ಯಾವ ಮನೆಯ ಹೊಸ್ತಿಲನ್ನು ದಾಟಿದರೂ ಅನುಮಾನಕ್ಕೆ ಗುರಿಯಾಗದವರು. ಅಗ್ನಿಶಾಮಕ ಮುಖ್ಯಸ್ಥನಿಗೆ ಯಾವ ಮನೆಯ ಅಟ್ಟದಲ್ಲಿ ಏನಿದೆಯೆಂಬುದು ಗೊತ್ತು. ಆಪತ್ತಿನ ಹೊತ್ತಿನಲ್ಲಿ ಬಂದವನೆಂಬ ಋಣವೂ ಊರಿಗಿದೆ. ಅವನ ಪಾತ್ರ ಹುಟ್ಟುವುದು ಆ ಋಣದಿಂದ.

ಈ ಪಾತ್ರವನ್ನು ಹಾಗೆಯೇ ಕೊಡಗಿಗೆ ತಂದು ನಿಲ್ಲಿಸಲಾಗದು. ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಬೆಂಕಿ ಆರಿಸುವವರು ಅನೇಕ ವೇಳೆ ಅದೇ ಊರಿನ ಸ್ವಯಂಸೇವಕರು. ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆ 1964ರ ಅಧಿನಿಯಮದಡಿ ನಡೆಯುವ ರಾಜ್ಯಮಟ್ಟದ ಇಲಾಖೆ; ಠಾಣಾಧಿಕಾರಿ ವರ್ಗವಾಗಿ ಬರುತ್ತಾನೆ, ವರ್ಗವಾಗಿ ಹೋಗುತ್ತಾನೆ. ಬೆಂಕಿ ಹೇಗೆ ಹತ್ತಿತೆಂದು ವರದಿ ಬರೆಯಬಲ್ಲನೇ ಹೊರತು, ಆ ಮನೆಯ ಎರಡು ತಲೆಮಾರಿನ ಆಸ್ತಿ ವ್ಯಾಜ್ಯವನ್ನು ಅವನು ಬಲ್ಲವನಲ್ಲ. ಹಾಗಾದರೆ ಕೊಡಗಿನಲ್ಲಿ ಆ ಸ್ಥಾನ ಯಾರದು?

ಉತ್ತರಕ್ಕೆ ಜಮ್ಮಾ ಹಿಡುವಳಿಯ ಇತಿಹಾಸವನ್ನು ನೋಡಬೇಕು. ಅರಸರ ಕಾಲದಿಂದ ಬಂದು ಬ್ರಿಟಿಷರ ಆಳ್ವಿಕೆಯಲ್ಲೂ ಮುಂದುವರಿದ ಈ ವ್ಯವಸ್ಥೆಯಲ್ಲಿ ಹಿಡುವಳಿದಾರನಿಗೆ ಕಂದಾಯ ಕಡಿಮೆ. ಅದಕ್ಕೆ ಪ್ರತಿಯಾಗಿ ಕರೆ ಬಂದಾಗ ಸೈನಿಕ ಸೇವೆ ಮತ್ತು ಕಾವಲು ಸೇವೆ ಸಲ್ಲಿಸುವ ಹೊಣೆ. ಅಂದರೆ ಮನೆಯ ಯಜಮಾನನೇ ಒಂದರ್ಥದಲ್ಲಿ ಊರಿನ ಪೊಲೀಸ್. ಕೋವಿ ಹೊಂದಲು ಪರವಾನಗಿ ಬೇಡವೆಂಬ ವಿನಾಯಿತಿಯ ಬೇರೂ ಇಲ್ಲಿಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯೂ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಥನದ ದೃಷ್ಟಿಯಿಂದ ಇದರ ಪರಿಣಾಮ ಸಣ್ಣದಲ್ಲ. ಇಂಗ್ಲಿಷ್ ಮಾದರಿಯ ಕಾದಂಬರಿಯಲ್ಲಿ ಕೋವಿ ಸಿಕ್ಕಿತೆಂದರೆ ಅರ್ಧ ಪತ್ತೆ ಆದಂತೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನು ಸಾಲಾಗಿಟ್ಟು ಹೂವೇರಿಸಿ ಪೂಜಿಸುವ ನಾಡಿನಲ್ಲಿ ‘ಕೋವಿ ಯಾರ ಬಳಿ ಇತ್ತು’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಗುಂಡಿನ ಸದ್ದೂ ಅಲ್ಲಿ ಅಪರಾಧದ ಸೂಚನೆಯಲ್ಲ. ಸಾವು ಸಂಭವಿಸಿದ ಮನೆಯಿಂದ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು ಕೊಡವರ ಸಂಪ್ರದಾಯ. ಗುಂಡು ಕೊಲ್ಲುವ ಸದ್ದಾಗುವ ಮೊದಲೇ ಸಾವನ್ನು ಸಾರುವ ಭಾಷೆಯಾಗಿರುವ ಕಡೆ ಕೊಲೆಕಥೆಯನ್ನು ಬರೆಯಹೊರಟವನು ಬೇರೆಯದೇ ಕುರುಹುಗಳನ್ನು ಹುಡುಕಬೇಕಾಗುತ್ತದೆ.

ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಒಕ್ಕ’ವನ್ನು ಸಮಾಜದ ಮೂಲ ಘಟಕವಾಗಿ ವಿವರಿಸಿದ್ದಾರೆ. ಒಕ್ಕಕ್ಕೆ ಒಬ್ಬ ಹಿರಿಯ, ಊರಿಗೆ ಒಬ್ಬ ತಕ್ಕ, ನಾಡಿಗೆ ನಾಡುತಕ್ಕ. ಪ್ರಶ್ನೆ ಕೇಳುವ ಅಧಿಕಾರ ಈ ಏಣಿಯಲ್ಲಿತ್ತು. ಐನ್‌ಮನೆಯ ಒಳಗಿನ ಮಾತನ್ನು ಹೊರಗೆ ತರಬಲ್ಲವನು ಅಪರಿಚಿತ ಜಾಣನಲ್ಲ, ಒಕ್ಕದ ಮರ್ಯಾದೆಗೆ ಹೊಣೆಯಾದ ಹಿರಿಯ. ಇದರ ಬಲವೂ ಮಿತಿಯೂ ಒಂದೇ ಎಂಬುದನ್ನು ಗಮನಿಸಬೇಕು. ಮರ್ಯಾದೆಗೆ ಹೊಣೆಯಾದವನು ಸತ್ಯವನ್ನು ಹೊರಗೆಳೆಯುವಷ್ಟೇ ಸಮರ್ಥವಾಗಿ ಹೂಳಲೂ ಬಲ್ಲ.

ಘಟ್ಟದ ಕೆಳಗೆ ಈ ಅಧಿಕಾರ ಇನ್ನೊಂದು ರೂಪ ಪಡೆಯುತ್ತದೆ. ಅಮರ ಸುಳ್ಯ, ಪುತ್ತೂರು ಸೀಮೆಗಳು 1834ರವರೆಗೆ ಕೊಡಗು ಅರಸರ ಆಳ್ವಿಕೆಯಲ್ಲಿದ್ದವು. ಆದ್ದರಿಂದ ಕೊಡಗನ್ನೂ ತುಳುನಾಡನ್ನೂ ಬೇರೆ ಬೇರೆ ಕಥನಲೋಕಗಳೆಂದು ಪೂರ್ತಿ ವಿಂಗಡಿಸುವುದು ಸರಿಯಾಗದು. ತುಳುನಾಡಿನ ಪಾಡ್ದನಗಳಲ್ಲಿ ಅನ್ಯಾಯಕ್ಕೀಡಾದವರು, ಕೊಲೆಯಾದವರು ದೈವಗಳಾಗಿ ಮರಳಿ ಬಂದು ತಾವೇ ಮಾತಾಡುತ್ತಾರೆ. ಕಾರ್ಕಳದ ಅರಸನಿಂದ ಅಂಗಹೀನನಾದ ಶಿಲ್ಪಿ ಕಲ್ಕುಡನ ಕಥೆಯಲ್ಲಿ ಅಪರಾಧಿ ಯಾರೆಂಬುದು ಗುಟ್ಟಲ್ಲ. ಅರಸನನ್ನು ಕೇಳುವವರು ಯಾರೆಂಬುದೇ ಸಮಸ್ಯೆ. ಬದುಕಿರುವ ಮನುಷ್ಯರಲ್ಲಿ ಆ ಅಧಿಕಾರ ಯಾರಿಗೂ ಇಲ್ಲದ್ದರಿಂದ ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿ ದೈವಗಳಾಗಿ ಅದನ್ನು ಪಡೆಯಬೇಕಾಯಿತು. ಕೋಲದ ಕಳದಲ್ಲಿ ದೈವದ ನುಡಿಗೆ ಗುತ್ತಿನ ಯಜಮಾನನೂ ತಲೆಬಾಗಬೇಕು. ಪಾಡ್ದನವನ್ನು ಪತ್ತೇದಾರಿ ಕಥನದ ಪೂರ್ವರೂಪವೆನ್ನುವುದು ಅತಿಯಾದೀತು. ಆದರೆ ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ.

ಕೊಡಗಿನ ಇತಿಹಾಸದಲ್ಲಿ ಈ ಪ್ರಶ್ನೆ ಒಮ್ಮೆ ರಾಜ್ಯದ ಅಳಿವು ಉಳಿವಿನ ಪ್ರಶ್ನೆಯೇ ಆಗಿ ಎದ್ದು ನಿಂತಿತು. ಅರಸ ಚಿಕ್ಕ ವೀರರಾಜೇಂದ್ರನ ತಂಗಿ ದೇವಮ್ಮಾಜಿ ಮತ್ತು ಆಕೆಯ ಗಂಡ ಚನ್ನಬಸಪ್ಪ 1832ರಲ್ಲಿ ಗಡಿ ದಾಟಿ ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಅರಮನೆಯ ಕೊಲೆಗಳ ದೂರು ಅವರೊಡನೆ ಹೊರಗೆ ಬಂತು. ಅರಸನೊಡನೆ ಮಾತಾಡಲೆಂದು ಮಲಬಾರಿನಿಂದ ಬಂದ ಕರುಣಾಕರ ಮೆನನ್ ಸೆರೆಯಾದ. ಅವನ ಬಿಡುಗಡೆಯ ಬೇಡಿಕೆ ಯುದ್ಧದ ನೆಪವಾಯಿತು. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಮಡಿಕೇರಿಗೆ ಬಂತು, ಮೇ ತಿಂಗಳಲ್ಲಿ ಕೊಡಗು ಕಂಪನಿಯ ವಶವಾಯಿತು. ರಾಜಬಂಧುಗಳ ಕೊಲೆಗಳ ವಿವರ ಬಯಲಾಗತೊಡಗಿದ್ದು ಆ ಮೇಲೆ. ಅಷ್ಟರಲ್ಲಿ ದಿವಾನ ಕುಂಟ ಬಸವ ಕಾಡಿನಲ್ಲಿ ಹೆಣವಾಗಿ ಸಿಕ್ಕಿದ್ದ. ಹೊಣೆಯೆಲ್ಲ ಅವನ ತಲೆಗೆ ಬಂತು. ಹೆಚ್ಚು ಬಲ್ಲ ಸಾಕ್ಷಿಯೇ ಇಲ್ಲದಾದ ಮೇಲೆ ವಿಚಾರಣೆಗೆ ಉಳಿಯುವುದೇನು? ಈ ಸಂಗತಿಗಳನ್ನು ಬರೆದಿಟ್ಟವರಲ್ಲಿ ಮುಖ್ಯನಾದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನವನು. ಅವನ ಕೊಡಗಿನ ವೃತ್ತಾಂತ ಪ್ರಕಟವಾದದ್ದು 1855ರಲ್ಲಿ. ಅರಸನ ಕ್ರೌರ್ಯ ಎಷ್ಟು ದೊಡ್ಡದಾಗಿ ಕಂಡರೆ ರಾಜ್ಯವನ್ನು ಕಸಿದುಕೊಂಡದ್ದು ಅಷ್ಟು ನ್ಯಾಯವಾಗಿ ಕಾಣುತ್ತಿದ್ದ ಕಾಲವದು. ಕೊಲೆಗಳು ನಡೆದವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕೇಳುವ ಅಧಿಕಾರವನ್ನು ತೋಪಿನ ಬಲದಿಂದ ಪಡೆದವನ ಬರವಣಿಗೆಯನ್ನು ಸಾಕ್ಷಿಯ ಹೇಳಿಕೆಯಂತೆ ಓದಬೇಕೇ ಹೊರತು ತೀರ್ಪಿನಂತೆ ಅಲ್ಲ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಈ ದೃಷ್ಟಿಯಿಂದ ಮರುಓದಿಗೆ ಅರ್ಹವಾಗಿದೆ. ಕಾದಂಬರಿಯಲ್ಲಿ ಕೊಂದವನು ಯಾರೆಂಬುದನ್ನು ಓದುಗನಿಂದ ಮರೆಮಾಚಿಲ್ಲ. ಕುತೂಹಲ ಇರುವುದು ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಮತ್ತು ರಾಣಿ ಅರಸನನ್ನು ಯಾವಾಗ, ಯಾವ ಅಧಿಕಾರದಿಂದ ಕೇಳುತ್ತಾರೆ ಎಂಬುದರಲ್ಲಿ. ನಿಷ್ಠೆ ಅವರ ಬಾಯಿ ಕಟ್ಟುತ್ತದೆ. ಬಾಯಿ ಬಿಡುವ ಹೊತ್ತಿಗೆ ಕೇಳುವವರು ಹೊರಗಿನವರಾಗಿರುತ್ತಾರೆ. ಒಳಗಿನ ಪ್ರಶ್ನೆ ತಡವಾದರೆ ಹೊರಗಿನ ಪ್ರಶ್ನೆ ಸೇನೆಯೊಡನೆ ಬರುತ್ತದೆ ಎಂಬ ರಾಜಕೀಯ ತಿಳಿವಳಿಕೆಯನ್ನು ಮಾಸ್ತಿ ಕೊಲೆಗಳ ಕಥನದೊಳಗೇ ಹೆಣೆದಿದ್ದಾರೆ. ಕಾದಂಬರಿಯನ್ನು ಕೇವಲ ಅವನತಿಯ ಕಥೆಯೆಂದು ಓದುವ ರೂಢಿಯಲ್ಲಿ ಈ ಅಂಶ ಮರೆಯಾಗಿದೆ.

ಮುದ್ರಿತ ಪತ್ತೇದಾರಿ ಸಾಹಿತ್ಯ ಬೇರೆ ದಾರಿ ಹಿಡಿಯಿತು. ಎನ್. ನರಸಿಂಹಯ್ಯನವರ ಪುರುಷೋತ್ತಮ 1950ರ ದಶಕದ ಆರಂಭದಲ್ಲಿ ಕಾಣಿಸಿಕೊಂಡ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಲೇಖಕರು ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪತ್ತೇದಾರನೆಂಬ ಹೆಸರೇ ಪುರುಷೋತ್ತಮನ ಅಧಿಕಾರ. ಆ ಹೆಸರು ಹೇಳಿಕೊಂಡು ಬಂದವನನ್ನು ‘ನೀನ್ಯಾರು ಕೇಳುವುದಕ್ಕೆ’ ಎನ್ನುವವರಿಲ್ಲ. ಜಾತಿ, ಒಕ್ಕ, ಗುತ್ತುಗಳ ಹಂಗಿಲ್ಲದೆ ಎಲ್ಲರನ್ನೂ ಪ್ರಶ್ನಿಸಬಲ್ಲ ಇಂಥ ವ್ಯಕ್ತಿಯ ಕಲ್ಪನೆಯು ಸ್ವಾತಂತ್ರ್ಯಾನಂತರದ ಸಾಮಾನ್ಯ ಓದುಗನಿಗೆ ಕೊಟ್ಟ ಹಿಗ್ಗನ್ನು ಕಡೆಗಣಿಸಬಾರದು.

ಕೊಡಗಿನ ನೆರೆಯ ಮಲೆನಾಡಿನಿಂದ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಈ ಹಿಗ್ಗನ್ನು ತಲೆಕೆಳಗು ಮಾಡಿತು. ಏಲಕ್ಕಿ ಬೆಳೆಯ ಕುಸಿತ ಹಾಗೂ ವಿಜ್ಞಾನಿಯೊಬ್ಬನ ಅನುಮಾನಾಸ್ಪದ ಸಾವಿನ ಜಾಡು ಹಿಡಿದು ಕೆಸರೂರಿಗೆ ಬರುವ ಗುಪ್ತಚರ ಅಧಿಕಾರಿ ಶ್ಯಾಮನಂದನ ಅಂಗಡಿಗೆ ಸರ್ಕಾರದ ಅಧಿಕಾರವಿದೆ, ಬುದ್ಧಿಯೂ ಇದೆ. ಊರಿನ ಒಳಗೆ ಸ್ಥಾನವಿಲ್ಲ. ಕೇಳಿದಷ್ಟೂ ವದಂತಿ ಬೆಳೆಯುತ್ತದೆ, ಕೊನೆಗೆ ಬೆಂಕಿಯೇ ಎಲ್ಲವನ್ನೂ ಆವರಿಸುತ್ತದೆ. ಅಗ್ನಿಶಾಮಕ ಮುಖ್ಯಸ್ಥ ಬೆಂಕಿಯನ್ನು ಆರಿಸಿ ಕೊಲೆಯನ್ನೂ ಬಿಡಿಸುವ ಮಾದರಿಗೆ ಇದಕ್ಕಿಂತ ಕಟುವಾದ ಉತ್ತರ ಕನ್ನಡದಲ್ಲಿ ಮತ್ತೊಂದಿಲ್ಲ.

2015ರ ‘ರಂಗಿತರಂಗ’ ಚಲನಚಿತ್ರದಲ್ಲಿ ಕರಾವಳಿಯೂ ಕೊಡಗೂ ಒಂದೆಡೆ ಸೇರಿವೆ. ಕಥೆ ನಡೆಯುವುದು ಕಮರೊಟ್ಟು ಎಂಬ ತುಳುನಾಡಿನ ಕಲ್ಪಿತ ಹಳ್ಳಿಯಲ್ಲಿ. ಚಿತ್ರೀಕರಣಕ್ಕೆ ಮಡಿಕೇರಿಯ ಸುತ್ತಲಿನ ಪರಿಸರವೂ ಒದಗಿದೆ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ದೂರದರ್ಶನ ಧಾರಾವಾಹಿಯ ನೆನಪು ಚಿತ್ರದುದ್ದಕ್ಕೂ ಇದೆ. ಇಲ್ಲಿ ಜಾಡು ಹಿಡಿಯುವವರು ಒಬ್ಬ ಕಾದಂಬರಿಕಾರ ಮತ್ತು ಒಬ್ಬ ಪತ್ರಕರ್ತೆ. ಊರು ಭೂತದ ಮೇಲೆ ಹೊರಿಸಿದ ಸಾವುಗಳ ಹಿಂದೆ ಇರುವವನು ಊರು ನಂಬಿದ ಮನುಷ್ಯ. ಪಾಡ್ದನದಲ್ಲಿ ಸತ್ಯ ನುಡಿಯುತ್ತಿದ್ದ ಭೂತ ಇಲ್ಲಿ ಸುಳ್ಳಿನ ಮುಸುಕಾಗಿದೆ. ಇದನ್ನು ವೈಚಾರಿಕತೆಯ ಗೆಲುವೆಂದು ಮಾತ್ರ ಕಾಣುವುದು ಅವಸರದ ತೀರ್ಮಾನ. ದೈವದ ಬಾಯಿಂದ ಬಲವಂತರನ್ನು ಪ್ರಶ್ನಿಸುತ್ತಿದ್ದ ಒಂದು ದಾರಿಯೂ ಈ ಬದಲಾವಣೆಯಲ್ಲಿ ಮುಚ್ಚಿಹೋಗಿದೆ.

ಇಷ್ಟೂ ಕಥನಗಳಿಗೆ ಸಾಮಾನ್ಯವಾದ ಒಂದು ಮೌನವಿದೆ. ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಬದುಕುವ ಎರವರು, ಕುರುಬರು, ಹೊರಗಿನಿಂದ ಬಂದ ಕೂಲಿಗಳು ಕಥೆಗೆ ಬರುವುದು ಸಂಶಯಿತರಾಗಿ, ಇಲ್ಲವೇ ಹೆಣವನ್ನು ಮೊದಲು ಕಂಡವರಾಗಿ. ತಕ್ಕನ ಅಧಿಕಾರ ಒಕ್ಕದಿಂದ ಬಂದದ್ದು. ಅದು ಒಕ್ಕವಿಲ್ಲದವನ ಸಾವಿನವರೆಗೆ ಚಾಚುವುದಿಲ್ಲ. ಪುರುಷೋತ್ತಮನಂಥವನೂ ಲೈನ್‌ಮನೆಯಲ್ಲಿ ಸತ್ತವಳಿಗಾಗಿ ಘಟ್ಟ ಹತ್ತುವವನಲ್ಲ. ಅಲ್ಲಿಯ ಸಾವನ್ನು ‘ಕುಡಿದು ಬಿದ್ದ’, ‘ಹುಷಾರಿರಲಿಲ್ಲ’ ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡಬಹುದಾದರೆ ಅದಕ್ಕೆ ಕಾರಣ ಮಾಹಿತಿಯ ಕೊರತೆಯಲ್ಲ. ಮಡಿಕೇರಿಯಲ್ಲಿ ಹುಟ್ಟಿ 1939ರಲ್ಲಿ ನದಿಯಲ್ಲಿ ಮುಳುಗಿ ಅಕಾಲದಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮ ತಮ್ಮ ಕಥೆಯೊಂದಕ್ಕೆ ‘ಅಪರಾಧಿ ಯಾರು?’ ಎಂದು ಹೆಸರಿಟ್ಟರು. ಪತ್ತೇದಾರಿ ಕಾದಂಬರಿಯ ರಕ್ಷಾಪುಟಕ್ಕೆ ಒಪ್ಪುವಂತಿರುವ ಈ ಪ್ರಶ್ನೆಯನ್ನು ಅವರು ಕೇಳಿದ್ದು ಸಮಾಜವನ್ನು. ಆ ದಾರಿಯಲ್ಲಿ ಕೊಡಗಿನ ಕೊಲೆಕಥನ ಇನ್ನೂ ಹೆಚ್ಚು ದೂರ ಸಾಗಿಲ್ಲ.

ಸಾಗುವುದಾದರೆ ಕೇಳುವವನು ಯಾರಾಗಬಹುದು? ತೋಟದ ಮಾಲೀಕನೂ ಅಲ್ಲದ, ಕೂಲಿಯೂ ಅಲ್ಲದ, ಎರಡು ಕಡೆಯ ಮಾತೂ ಕಿವಿಗೆ ಬೀಳುವ ಒಬ್ಬನಿದ್ದಾನೆ: ತೋಟದ ರೈಟರ್. ಯಾವ ದಿನ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರಿಗೆ ಎಷ್ಟು ಮುಂಗಡ ಸಂದಿದೆ ಎಂಬುದೆಲ್ಲ ಅವನ ಚೆಕ್‌ರೋಲಿನಲ್ಲಿರುತ್ತದೆ. ಒಂದು ಹೆಸರಿನ ಮುಂದಿನ ಹಾಜರಿ ಗುರುತು ಒಂದು ದಿನದಿಂದ ಇದ್ದಕ್ಕಿದ್ದಂತೆ ನಿಂತುಹೋದದ್ದನ್ನು ಎಲ್ಲರಿಗಿಂತ ಮೊದಲು ಕಾಣುವವನು ಅವನೇ.