ಮೇಜಿನ ಮೇಲೊಂದು ಲಾರಿ

ಲಾರಿಯ ಪುಟ್ಟ ಮಾದರಿ ಕಟ್ಟುವುದು ಮಕ್ಕಳಾಟವಲ್ಲ, ಲೆಕ್ಕದ ಕೆಲಸ. ಈ ಹವ್ಯಾಸದಲ್ಲಿ ಬಳಕೆಯಲ್ಲಿರುವ ಅಳತೆಗಳಲ್ಲಿ 1:24 ಒಂದು. ಅಂದರೆ ಅಡಿಗೆ ಅರ್ಧ ಅಂಗುಲ. 8 ಅಡಿ ಅಗಲದ ಲಾರಿ ಮೇಜಿನ ಮೇಲೆ 4 ಅಂಗುಲಕ್ಕೆ ಇಳಿಯುತ್ತದೆ.

ಇಟಲಿಯ ಇಟಾಲೆರಿ ಕಂಪನಿಯ ಪೆಟ್ಟಿಗೆ ತಂದರೆ ವೋಲ್ವೊ, ಸ್ಕ್ಯಾನಿಯಾ ಲಾರಿಗಳ ಬಿಡಿಭಾಗಗಳೆಲ್ಲ ಸಿದ್ಧ. ಅಂಟಿಸಿ ಬಣ್ಣ ಬಳಿದರಾಯಿತು. ಆದರೆ ಚಾಮರಾಜಪೇಟೆಯ ಪಕ್ಕದ ಕಲಾಸಿಪಾಳ್ಯದಲ್ಲಿ ಸರಕು ಇಳಿಸುತ್ತಿದ್ದ ನಮ್ಮ ಹಳೆಯ ಲಾರಿಗೆ ಈ ಸುಲಭ ದಾರಿಯಿಲ್ಲ. ಕಾರಣ ಅದರ ಹುಟ್ಟಿನಲ್ಲೇ ಇದೆ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಲಾರಿ ತಯಾರಿಕೆಗೆ ಕೈಹಾಕಿದ ಟೆಲ್ಕೊ, ಅಂದರೆ ಇಂದಿನ ಟಾಟಾ ಮೋಟಾರ್ಸ್, ಬಹುಪಾಲು ಮಾರುತ್ತಿದ್ದುದು ಮುಂಭಾಗದ ಮೂತಿ, ಎಂಜಿನ್ ಮತ್ತು ಚಾಸಿಸ್ ಮಾತ್ರ. ಚಾಲಕನ ಕ್ಯಾಬಿನ್, ಸರಕು ತುಂಬುವ ಬಾಡಿ ಎರಡನ್ನೂ ಕಟ್ಟುತ್ತಿದ್ದವರು ಊರೂರಿನ ಶೆಡ್ಡುಗಳ ಬಡಗಿಗಳು. ಒಂದು ಲಾರಿಯಂತೆ ಇನ್ನೊಂದಿಲ್ಲ. ನಕ್ಷೆ ಇದ್ದುದು ಬಡಗಿಯ ತಲೆಯಲ್ಲಿ.

ಹೀಗಾಗಿ ಮಾದರಿ ಕಟ್ಟುವವರು ಟೇಪು ಹಿಡಿದು ನಿಜವಾದ ಲಾರಿಯನ್ನೇ ಅಳೆಯಬೇಕು. ಆಗ 1 ಸೆಂ.ಮೀ. ಅಗಲದ ಐಸ್‌ಕ್ರೀಮ್ ಕಡ್ಡಿಯೇ 24 ಸೆಂ.ಮೀ. ಅಗಲದ ಹಲಗೆಗೆ ಸಮ.

ಕಾರ್ಖಾನೆಯಲ್ಲೇ ಸಿದ್ಧವಾಗುವ ಉಕ್ಕಿನ ಕ್ಯಾಬಿನ್‌ಗಳು ಬಂದ ಮೇಲೆ ಮರದ ಬಾಡಿಯ ಲಾರಿಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಅವು ಮರೆಯಾಗುವ ಮುನ್ನ ಅಳೆದು ಕಟ್ಟಿದರೆ, ಬಡಗಿಯ ತಲೆಯಲ್ಲಿದ್ದ ನಕ್ಷೆ ಕಡ್ಡಿ-ಅಂಟಿನಲ್ಲಾದರೂ ಉಳಿದೀತು.