ಕಣಜದ ಗೂಬೆಯ ಮರಿಗಳೂ ಅವುಗಳ ಛಾಯಾಚಿತ್ರಗಳೂ

ವ್ಯವಸಾಯಗಾರನಿಗೆ ಇಲಿಯಿಂದಾಗುವ ನಷ್ಟವು ಅಷ್ಟಿಷ್ಟಲ್ಲ. ಗದ್ದೆಯಲ್ಲಿ ಪೈರಿನ ಬುಡವನ್ನು ಕತ್ತರಿಸಿ, ತೆನೆ ಬಲಿತ ಮೇಲೆ ಅದನ್ನು ಬಿಲಕ್ಕೆ ಸಾಗಿಸಿ, ಕೊಯ್ಲಾದ ಮೇಲೆ ಕಣಜಕ್ಕೂ ನುಗ್ಗಿ ತನ್ನ ಪಾಲನ್ನು ತೆಗೆದುಕೊಳ್ಳುವ ಈ ಪ್ರಾಣಿಯನ್ನು, ಕೂಲಿಯನ್ನು ಕೇಳದೆ ರಾತ್ರಿಯೆಲ್ಲಾ ಹುಡುಕಿ ಹಿಡಿಯುವ ಪಕ್ಷಿಯೊಂದು ಉಂಟು. ಅದೇ ಗೂಬೆ. ಆದರೆ ಇಂತಹ ಉಪಕಾರಿಯಾದ ಹಕ್ಕಿಯನ್ನು ಜನರು ಅಪಶಕುನವೆಂದು ಭಾವಿಸಿ ಓಡಿಸುತ್ತಾರೆ. ಗೂಬೆ ಹೊಕ್ಕ ಮನೆಯನ್ನು ಕೆಲವು ಕಾಲ ಬಿಟ್ಟು ಹೋಗುವ ಪದ್ಧತಿಯೂ ಕೆಲವೆಡೆ ಇತ್ತು. ನಿರಪರಾಧಿಯ ಮೇಲೆ ತಪ್ಪು ಹೊರಿಸುವುದಕ್ಕೆ ‘ಗೂಬೆ ಕೂರಿಸುವುದು’ ಎಂದೇ ಹೆಸರು. ಆ ಹಕ್ಕಿಯ ಮೇಲೆಯೇ ಜನರು ಕೂರಿಸಿರುವ ಗೂಬೆಯನ್ನು ಇಳಿಸುವುದಕ್ಕೆ, ಅದರ ಸಂಸಾರವನ್ನು ಮರಿಗಳು ಹುಟ್ಟಿದಂದಿನಿಂದ ಹಾರಿಹೋಗುವವರೆಗೆ ಕ್ರಮವಾಗಿ ತೋರಿಸುವ ಛಾಯಾಚಿತ್ರಗಳಿಗಿಂತ ಉತ್ತಮವಾದ ಸಾಧನವು ದೊರೆಯುವುದು ಕಷ್ಟ.

ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥ ನದಿಯ ಬಯಲಿಗೆ ಸೇರಿದ ಕಟ್ಟೆಮಳಲವಾಡಿಯಂತಹ ಗ್ರಾಮಗಳು ಈ ಕೆಲಸಕ್ಕೆ ತಕ್ಕವು. ನೀರಾವರಿಯ ಭತ್ತದ ಗದ್ದೆ, ಮೇಲಿನ ಹೊಲಗಳಲ್ಲಿ ರಾಗಿ, ಜೋಳ, ಹೊಗೆಸೊಪ್ಪು, ನಡುನಡುವೆ ತೆಂಗಿನ ತೋಟ, ಹಳೆಯ ಕಟ್ಟಡಗಳು, ಪೊಟರೆಗಳುಳ್ಳ ಮುದಿಮರಗಳು—ಇವೆಲ್ಲವೂ ಹತ್ತಿರದಲ್ಲಿರುವ ಕಡೆ ಇಲಿಗೆ ಆಹಾರವೂ ಗೂಬೆಗೆ ನೆಲೆಯೂ ಒಟ್ಟಿಗೆ ದೊರೆಯುತ್ತವೆ.

ಯಾವ ಗೂಬೆ?

ಗೂಬೆಗಳಲ್ಲಿ ಹಲವು ಜಾತಿಗಳುಂಟು. ಹಗಲಿನಲ್ಲಿಯೂ ಮರದ ಕೊಂಬೆಯ ಮೇಲೆ ಕಾಣಿಸಿಕೊಂಡು, ನೋಡುವವರ ಕಡೆಗೆ ತಲೆಯನ್ನು ಮೇಲೆ ಕೆಳಗೆ ಆಡಿಸುವ ಚುಕ್ಕೆಯ ಚಿಕ್ಕ ಗೂಬೆಯನ್ನು ಎಲ್ಲರೂ ಬಲ್ಲರು. ಇದು ಹೆಚ್ಚಾಗಿ ದುಂಬಿ ಮುಂತಾದ ಕೀಟಗಳನ್ನೂ, ಆಗಾಗ ಚಿಕ್ಕ ಇಲಿಗಳನ್ನೂ ತಿನ್ನುವುದು. ಹೊಸದಾಗಿ ಚಿತ್ರ ತೆಗೆಯಲು ಕಲಿಯುವವರಿಗೆ ಬೆಳಕಿನಲ್ಲಿ ದೊರೆಯುವ ಈ ಹಕ್ಕಿಯೇ ಅನುಕೂಲ. ಆದರೆ ಇಲಿಯ ವಿಷಯದಲ್ಲಿ ಮುಖ್ಯವಾದುದು ಕಣಜದ ಗೂಬೆ. ಇದರ ಮುಖವು ಹೃದಯದ ಆಕಾರವುಳ್ಳದ್ದಾಗಿ ಬೆಳ್ಳಗಿರುವುದು. ಬೆನ್ನು ಹೊಂಬಣ್ಣ ಮತ್ತು ಬೂದುಬಣ್ಣ, ಹೊಟ್ಟೆ ಬಿಳುಪು. ರೆಕ್ಕೆಯ ಗರಿಗಳ ಅಂಚು ಮೃದುವಾಗಿರುವುದರಿಂದ ಹಾರುವಾಗ ಸದ್ದಾಗುವುದಿಲ್ಲ. ಇದರ ಎರಡು ಕಿವಿಗಳು ಒಂದೇ ಮಟ್ಟದಲ್ಲಿರದೆ ಒಂದು ಮೇಲೆ, ಒಂದು ಕೆಳಗೆ ಇರುವುವು. ಆದುದರಿಂದ ಸದ್ದು ಯಾವ ದಿಕ್ಕಿನಿಂದ, ಎಷ್ಟು ಎತ್ತರದಿಂದ ಬಂದಿತೆಂಬುದನ್ನು ಅದು ನಿಖರವಾಗಿ ಅರಿಯಬಲ್ಲದು. ಪೂರ್ಣ ಕತ್ತಲೆಯಲ್ಲಿಯೂ ಕಿವಿಯಿಂದಲೇ ಇಲಿಯನ್ನು ಹಿಡಿಯುತ್ತದೆಂಬುದನ್ನು ಅಮೆರಿಕದ ರೋಜರ್ ಪೇನ್ ಎಂಬ ವಿದ್ವಾಂಸರು ಪರೀಕ್ಷೆಗಳಿಂದ ಸಿದ್ಧಪಡಿಸಿದರು.

ಪಾಳುಮನೆಯಲ್ಲಿ ರಾತ್ರಿ ಕೇಳಿಬರುವ ಗೊರಕೆಯಂತಹ ಶಬ್ದವನ್ನೂ, ಬುಸುಗುಟ್ಟುವ ಸದ್ದನ್ನೂ ಪಿಶಾಚಿಯದೆಂದು ಹೆದರುವುದುಂಟು. ವಾಸ್ತವದಲ್ಲಿ ಇದು ಅನೇಕ ವೇಳೆ ಹಸಿದ ಗೂಬೆಮರಿಗಳು ತಾಯಿತಂದೆಗಳನ್ನು ಆಹಾರಕ್ಕಾಗಿ ಕರೆಯುವ ಧ್ವನಿ. ಈ ಒಂದು ವಿಷಯವನ್ನು ಚಿತ್ರಸಹಿತವಾಗಿ ತಿಳಿಸಿದರೆ ಎಷ್ಟೋ ಗೂಡುಗಳು ಉಳಿಯುವುವು.

ಮರಿಗಳ ಬೆಳವಣಿಗೆ

ಕಣಜದ ಗೂಬೆಯು ಹುಲ್ಲುಕಡ್ಡಿಗಳಿಂದ ಗೂಡನ್ನು ಕಟ್ಟುವುದಿಲ್ಲ. ಪೊಟರೆ, ಗೋಡೆಯ ಬಿಲ, ಅಟ್ಟ ಇವುಗಳಲ್ಲಿ ತಾನೇ ಕಾರಿದ ಇಲಿಯ ಕೂದಲು ಮೂಳೆಗಳ ಉಂಡೆಗಳ ಮೇಲೆ ಸಾಧಾರಣವಾಗಿ ೪ ರಿಂದ ೭ ಬಿಳಿಯ ಮೊಟ್ಟೆಗಳನ್ನಿಡುವುದು. ಒಂದು ಮೊಟ್ಟೆಗೂ ಮತ್ತೊಂದಕ್ಕೂ ಎರಡು ಮೂರು ದಿನಗಳ ಅಂತರವಿರುವುದು. ಮೊದಲನೆಯದನ್ನಿಟ್ಟ ಕೂಡಲೆ ತಾಯಿಯು ಕಾವಿಗೆ ಕೂರುವುದರಿಂದ, ಸುಮಾರು ಒಂದು ತಿಂಗಳ ನಂತರ ಮರಿಗಳೂ ಅದೇ ಅಂತರದಲ್ಲಿ ಒಂದೊಂದಾಗಿ ಹೊರಬರುತ್ತವೆ. ಹಿರಿಯ ಮರಿಗೂ ಕಿರಿಯದಕ್ಕೂ ಎರಡು ವಾರಗಳಷ್ಟು ವಯಸ್ಸಿನ ವ್ಯತ್ಯಾಸವಿರಬಹುದು. ಆದಕಾರಣ ಒಂದೇ ಚಿತ್ರದಲ್ಲಿ ಮೆಟ್ಟಿಲುಗಳಂತೆ ನಿಂತ ಮರಿಗಳು ಕಾಣುವುವು. ಇದನ್ನು ನೋಡಿ ಕಿರಿಯ ಮರಿಗೆ ರೋಗವೆಂದು ತಿಳಿದು ಅದನ್ನು ಹೊರಕ್ಕೆ ತೆಗೆಯಕೂಡದು. ಇಲಿ ಹೇರಳವಾಗಿದ್ದರೆ ಎಲ್ಲ ಮರಿಗಳೂ ಬದುಕುತ್ತವೆ. ಅಭಾವವಾದರೆ ಕಿರಿಯದು ಮೊದಲು ಸಾಯುವುದು. ಹಿರಿಯ ಮರಿಗಳು ತಮ್ಮ ಪಾಲನ್ನು ಕಿರಿಯವಕ್ಕೆ ಕೊಡುವುದನ್ನೂ ಪರಿಶೀಲಕರು ಕಂಡಿದ್ದಾರೆ.

ಮೊದಲನೆಯ ವಾರ:—ಮರಿಗೆ ವಿರಳವಾದ ಬಿಳಿಯ ನವಿರು ಮಾತ್ರವಿದ್ದು, ಕಣ್ಣು ಮುಚ್ಚಿರುವುದು. ತಾಯಿ ಮೈಬಿಸಿಯನ್ನು ಕೊಡುತ್ತ ಗೂಡಿನಲ್ಲಿಯೇ ಇರುವುದು. ತಂದೆ ತಂದ ಇಲಿಯನ್ನು ಸೀಳಿ ತುಣುಕು ತುಣುಕಾಗಿ ಉಣಿಸುವುದು. ಈ ಕಾಲದಲ್ಲಿ ಯಾರೂ ಗೂಡಿನ ಹತ್ತಿರಕ್ಕೆ ಹೋಗಕೂಡದು. ತಾಯಿ ಬೆದರಿ ಹೊರಟುಹೋದರೆ ಮರಿಗಳು ಚಳಿಯಿಂದ ಸಾಯುವುವು.

ಎರಡು ಮೂರನೆಯ ವಾರ:—ಕಣ್ಣು ತೆರೆಯುವುದು. ಮೊದಲಿನ ನವಿರು ಹೋಗಿ ದಟ್ಟವಾದ ಕೆನೆಬಣ್ಣದ ನವಿರು ಬರುವುದು. ಮೂರನೆಯ ವಾರದ ಹೊತ್ತಿಗೆ ಚಿಕ್ಕ ಇಲಿಯನ್ನು ಇಡಿಯಾಗಿ ನುಂಗಬಲ್ಲವು. ಆಮೇಲೆ ತಾಯಿಯೂ ಬೇಟೆಗೆ ಹೊರಡುವುದು.

ನಾಲ್ಕರಿಂದ ಆರನೆಯ ವಾರ:—ಮುಖದ ಬಟ್ಟಲು ರೂಪುಗೊಳ್ಳುವುದು. ನವಿರಿನ ನಡುವೆ ರೆಕ್ಕೆಯ ಗರಿಗಳು ಮೂಡುವುವು. ಈ ಅವಧಿಯ ಕೊನೆಯಲ್ಲಿ ಮರಿಯ ತೂಕವು ಬೆಳೆದ ಹಕ್ಕಿಯ ತೂಕವನ್ನೂ ಮೀರಿ, ಮುಂದೆ ಹಾರುವುದಕ್ಕೆ ತಕ್ಕಂತೆ ಇಳಿಯುವುದು. ಗೂಡಿಗೆ ಬರುವ ಇಲಿಗಳ ಸಂಖ್ಯೆ ಅತಿ ಹೆಚ್ಚಾಗಿರುವುದೂ ಹೆಚ್ಚು ಕಡಿಮೆ ಈ ಕಾಲದಲ್ಲಿಯೇ. ಆದುದರಿಂದ ರೈತನಿಗೆ ಬೇಕಾದ ಚಿತ್ರಗಳು ದೊರೆಯುವುದೂ ಆಗಲೇ.

ಏಳರಿಂದ ಒಂಬತ್ತನೆಯ ವಾರ:—ನವಿರು ಉದುರಿ ಮರಿಯು ತಾಯಿಯನ್ನು ಹೋಲುವುದು. ಗೂಡಿನ ಬಾಯಿಗೆ ಬಂದು ರೆಕ್ಕೆ ಬಡಿಯುವುದು. ಎಂಟು ಒಂಬತ್ತನೆಯ ವಾರದಲ್ಲಿ ಮೊದಲು ಹಾರಿದರೂ, ಇನ್ನೂ ಕೆಲವು ವಾರಗಳ ಕಾಲ ಆಹಾರಕ್ಕಾಗಿ ಗೂಡಿನ ಸುತ್ತಲೇ ಇರುವುದು.

ಚಿತ್ರಗಳನ್ನು ತೆಗೆಯುವ ಕ್ರಮ

ಉತ್ತಮವಾದ ಮಾರ್ಗವೆಂದರೆ ಪೆಟ್ಟಿಗೆಯ ಗೂಡನ್ನು ಹಕ್ಕಿ ಬರುವುದಕ್ಕೆ ಮೊದಲೇ ಕಟ್ಟಿ, ಅದರ ಮೂಲೆಯಲ್ಲಿ ಸಣ್ಣ ಕ್ಯಾಮರಾವನ್ನು ಆಗಲೇ ಅಳವಡಿಸುವುದು. ಪೆಟ್ಟಿಗೆಯ ಬಾಯಿಯ ಕೆಳಅಂಚಿನಿಂದ ತಳದವರೆಗೆ ಸುಮಾರು ೧½ ಅಡಿ ಆಳವಿರತಕ್ಕದ್ದು. ಇಲ್ಲವಾದರೆ ಎಳೆಯ ಮರಿಗಳು ಹೊರಕ್ಕೆ ಬೀಳುವುವು. ಬಾಯಿ ೫ ಅಂಗುಲ ಚೌಕವಿದ್ದರೆ ಸಾಕು. ನೆಲದಿಂದ ೧೦ ಅಡಿಗೆ ಕಡಿಮೆಯಿಲ್ಲದ ಎತ್ತರದಲ್ಲಿ, ಮಳೆಯೂ ಮಧ್ಯಾಹ್ನದ ಬಿಸಿಲೂ ತಾಗದಂತೆ ಇದನ್ನು ಭದ್ರಪಡಿಸಬೇಕು. ಕ್ಯಾಮರಾವು ಅವಕೆಂಪು ಬೆಳಕಿನಿಂದ ಕೆಲಸ ಮಾಡುವಂತಹದಾಗಿರಬೇಕು. ದೀಪವು ಕೆಂಪಗೆ ಮಿನುಗದ ಜಾತಿಯನ್ನೇ ಆರಿಸಿದರೆ ಹಕ್ಕಿಗೆ ಅದರ ಪರಿವೆಯೇ ಇರುವುದಿಲ್ಲ.

ಈಗಾಗಲೇ ಮರಿಗಳಿರುವ ಗೂಡಾದರೆ ಅದರೊಳಕ್ಕೆ ಯಾವುದನ್ನೂ ಇಡಕೂಡದು. ದೂರದಲ್ಲಿ ಗೋಣಿಯ ಅಥವಾ ಸೋಗೆಯ ಮರೆಯೊಂದನ್ನು ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತಂದು, ಹಕ್ಕಿಗಳು ಅದಕ್ಕೆ ಒಗ್ಗಿದ ಮೇಲೆ ದೂರದ ಲೆನ್ಸಿನಿಂದ ಚಿತ್ರ ತೆಗೆಯಬೇಕು. ಮರೆಯೊಳಕ್ಕೆ ಇಬ್ಬರು ಹೋಗಿ ಒಬ್ಬನು ಹೊರಕ್ಕೆ ಬಂದು ನಡೆದುಹೋದರೆ, ಒಳಗೆ ಯಾರೂ ಇಲ್ಲವೆಂದು ಹಕ್ಕಿಯು ನಂಬುವುದು. ಇದು ಪಕ್ಷಿಗಳ ಚಿತ್ರ ತೆಗೆಯುವವರ ಹಳೆಯ ಉಪಾಯ. ಮರೆಯನ್ನು ಕತ್ತಲಾಗುವುದಕ್ಕೆ ಮೊದಲೇ ಸೇರಿಕೊಳ್ಳಬೇಕು.

ವಾರಕ್ಕೊಂದು ಸಲ, ಒಂದೇ ಸ್ಥಳದಿಂದ, ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರಗಳು ಬೆಳವಣಿಗೆಯನ್ನು ಚೆನ್ನಾಗಿ ತೋರಿಸುತ್ತವೆ. ಪ್ರತಿಯೊಂದು ಚಿತ್ರಕ್ಕೂ ತಾರೀಖು, ಗಂಟೆ, ಮರಿಗಳ ಸಂಖ್ಯೆ, ತಂದ ಆಹಾರ, ಮಳೆ ಬಿಸಿಲಿನ ಸ್ಥಿತಿ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಬಾಯಲ್ಲಿ ಕಚ್ಚಿ ತಂದ ಪ್ರಾಣಿಯನ್ನು ಗೂಬೆಯ ತಲೆಯೊಡನೆ ಹೋಲಿಸಿದರೆ ಅದರ ಗಾತ್ರವು ತಿಳಿಯುವುದು. ಮರಿಗಳು ಹಾರಿಹೋದ ಮೇಲೆ ಗೂಡಿನ ಕೆಳಗಿನ ಉಂಡೆಗಳನ್ನು ನೀರಿನಲ್ಲಿ ನೆನೆಸಿ, ತಲೆಬುರುಡೆ ಮತ್ತು ದವಡೆಗಳನ್ನು ಬೇರ್ಪಡಿಸಿ, ಅಳತೆಯ ಪಟ್ಟಿಯೊಡನೆ ಬಿಳಿಯ ಕಾಗದದ ಮೇಲೆ ಚಿತ್ರ ತೆಗೆಯತಕ್ಕದ್ದು. ಉಳಿಯಂತಹ ಮುಂಬಲ್ಲುಗಳುಳ್ಳದ್ದು ಇಲಿ. ಸಾಲಾಗಿ ಚೂಪಾದ ಸಣ್ಣ ಹಲ್ಲುಗಳುಳ್ಳದ್ದು ಸೊಂಡಿಲಿ. ಹೀಗೆ ಆ ಸಂಸಾರವು ತಿಂದುದರ ಲೆಕ್ಕವು ಕಣ್ಣಿಗೆ ಕಾಣುವಂತಾಗುವುದು.

ಎಚ್ಚರಿಕೆಗಳು

ಬೆಳೆದ ಗೂಬೆಯು ಮರಿಗಳ ರಕ್ಷಣೆಗಾಗಿ ಮುಖಕ್ಕೆ ಎರಗಬಹುದು. ಪಕ್ಷಿಗಳ ಛಾಯಾಚಿತ್ರಗಳಿಂದ ಪ್ರಸಿದ್ಧರಾದ ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಎಂಬವರು ೧೯೩೭ರಲ್ಲಿ ವೇಲ್ಸಿನಲ್ಲಿ ಕಂದು ಗೂಬೆಯೊಂದರ ಗೂಡಿನ ಬಳಿ ಅದರ ಉಗುರಿನ ಏಟಿನಿಂದ ಎಡಗಣ್ಣನ್ನೇ ಕಳೆದುಕೊಂಡರು. ಆದುದರಿಂದ ರಾತ್ರಿ ಹೊತ್ತು ಗೂಡಿಗೆ ಏಣಿ ಹಾಕುವುದು ಸರ್ವಥಾ ಕೂಡದು.

ಪ್ರಖರವಾದ ದೀಪವನ್ನೂ ಮಿಂಚುದೀಪವನ್ನೂ ಬಿಡಬೇಕು. ಧ್ವನಿಮುದ್ರಿಕೆಯನ್ನು ನುಡಿಸಿ ಹಕ್ಕಿಯನ್ನು ಕರೆಯುವುದು, ಚಿತ್ರ ಚೆನ್ನಾಗಿ ಕಾಣಲೆಂದು ಗೂಡಿನ ಮುಂದಿನ ಕೊಂಬೆ ಕಡಿಯುವುದು, ಮರಿಗಳನ್ನು ಹೊರಕ್ಕೆ ತೆಗೆದು ಸಾಲಾಗಿ ಕೂರಿಸುವುದು—ಇವೆಲ್ಲವೂ ಗೂಡಿನ ನಾಶಕ್ಕೆ ಕಾರಣ. ಕೊಂಬೆ ಕಡಿದ ಗೂಡು ಕಾಗೆಗೂ ಬೆಕ್ಕಿಗೂ ಬಯಲಾಗುವುದು. ನೆಲಕ್ಕೆ ಬಿದ್ದ ಮರಿಗೆ ಕಣಜದ ಗೂಬೆಯು ಸಾಧಾರಣವಾಗಿ ಆಹಾರ ಕೊಡುವುದಿಲ್ಲವಾದುದರಿಂದ, ಅದನ್ನು ದಪ್ಪ ಬಟ್ಟೆಯಿಂದ ಹಿಡಿದು ಹಗಲಿನಲ್ಲಿಯೇ ಗೂಡಿಗೆ ಸೇರಿಸಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬುದು ನಿಜವಲ್ಲ.

ದೀಪಾವಳಿಯ ಕಾಲದಲ್ಲಿ ಮಾಟಮಂತ್ರಗಳಿಗಾಗಿ ಗೂಬೆಗಳನ್ನು ಹಿಡಿದು ಮಾರುವ ದುಷ್ಟ ವ್ಯಾಪಾರವು ದೇಶದಲ್ಲಿ ಇನ್ನೂ ನಿಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಇದು ಅಪರಾಧ. ಮೊಬೈಲು ಫೋನಿನಲ್ಲಿ ತೆಗೆದ ಚಿತ್ರದೊಳಗೆ ಅದನ್ನು ತೆಗೆದ ಸ್ಥಳದ ಗುರುತೂ ಸೇರಿರಬಹುದಾದುದರಿಂದ, ಆ ಗುರುತನ್ನು ತೆಗೆದುಹಾಕದೆ ಚಿತ್ರವನ್ನು ಇತರರಿಗೆ ಕಳುಹಿಸಕೂಡದು. ಗೂಡಿರುವ ಮರವನ್ನು ಹೆಸರಿಸಿ ಹೇಳುವುದೂ ತರವಲ್ಲ.

ಇಲಿಪಾಷಾಣದ ವಿಷಯ

ಗೂಡಿಗೆ ಎಲ್ಲಕ್ಕಿಂತಲೂ ದೊಡ್ಡ ಅಪಾಯವು ಕ್ಯಾಮರಾದಿಂದ ಬರುವುದಲ್ಲ. ಬ್ರೋಮಾಡಿಯೊಲೋನ್ ಮುಂತಾದ, ರಕ್ತವನ್ನು ಹೆಪ್ಪುಗಟ್ಟಗೊಡದ ವಿಷಗಳನ್ನು ತಿಂದ ಇಲಿಯು ಕೂಡಲೆ ಸಾಯುವುದಿಲ್ಲ. ಕೆಲವು ದಿನ ನಿಧಾನವಾಗಿ ಓಡಾಡುತ್ತಿರುವ ಅಂತಹ ಇಲಿಯೇ ಗೂಬೆಗೆ ಸುಲಭವಾಗಿ ಸಿಕ್ಕುವುದು. ವಿಷವು ಗೂಬೆಯ ಪಿತ್ತಕೋಶದ ಬಳಿಯ ಯಕೃತ್ತಿನಲ್ಲಿ ಸೇರುತ್ತ ಬಂದು ಅದನ್ನೂ ಕೊಲ್ಲುವುದು. ಹಿಂದೆಯೇ ಮರಿಗಳೂ ಹೋಗುವುವು. ಮರಿಗಳಿರುವ ಗೂಡಿನ ಆಸುಪಾಸಿನಲ್ಲಿ ಬೋನು ಬುಟ್ಟಿಗಳಿಂದ ಇಲಿ ಹಿಡಿಯುವುದು, ಬದುಗಳನ್ನು ಕಿರಿದಾಗಿಯೂ ಹುಲ್ಲಿಲ್ಲದೆಯೂ ಇಡುವುದು, ಬಿಲಗಳನ್ನು ಅಗೆಯುವುದು ಇವನ್ನೇ ಅನುಸರಿಸತಕ್ಕದ್ದು. ಸತ್ತ ಇಲಿಗಳು ಕಂಡರೆ ಆಳವಾಗಿ ಹೂಳಬೇಕು.

ಪ್ರಯೋಜನ

ಬೆಳೆದ ಗೂಬೆಯು ದಿನಕ್ಕೆ ಒಂದೆರಡು ಇಲಿಗಳನ್ನು ತಿನ್ನುವುದು. ಐದು ದೊಡ್ಡ ಮರಿಗಳುಳ್ಳ ಸಂಸಾರದಲ್ಲಿ ತಲೆಗೊಂದೇ ಇಲಿಯೆಂದು ಹಿಡಿದರೂ ದಿನಕ್ಕೆ ೭, ತಿಂಗಳಿಗೆ ೨೧೦ ಇಲಿಗಳಾದುವು. ಇಸ್ರೇಲ್ ದೇಶದ ಸ್ದೇ ಎಲಿಯಾಹು ಎಂಬ ಹಳ್ಳಿಯ ವ್ಯವಸಾಯಗಾರರು ೧೯೮೩ರಲ್ಲಿ ಹೊಲಗಳಲ್ಲಿ ಗೂಬೆಯ ಪೆಟ್ಟಿಗೆಗಳನ್ನಿಡಲು ಆರಂಭಿಸಿದರು; ಆ ಪದ್ಧತಿಯು ಅಲ್ಲಿಂದ ದೇಶದಾದ್ಯಂತ ಹರಡಿತು. ಗೂಬೆಯೊಂದರಿಂದಲೇ ಇಲಿಗಳು ನಿರ್ಮೂಲವಾಗುವುವೆಂದು ಮಾತ್ರ ತಿಳಿಯಬಾರದು. ಇತರ ಕ್ರಮಗಳೊಡನೆ ಸೇರಿದಾಗ ಅದು ಒಳ್ಳೆಯ ಸಹಾಯಕ. ಹೊಲದ ನಡುವೆ ಅಡ್ಡಪಟ್ಟಿ ಹೊಡೆದ ಗೂಟಗಳನ್ನು ನೆಟ್ಟರೆ ಅದು ಅಲ್ಲಿ ಕುಳಿತು ಬೇಟೆಯಾಡುವುದು.

ಈ ಕೆಲಸವು ಪಟ್ಟಣದವರಿಗೆ ಮಾತ್ರ ಸೇರಿದುದೆಂದು ಹಿಂಜರಿಯಬೇಕಾಗಿಲ್ಲ. ಮೂಡಿಗೆರೆಯಲ್ಲಿ ಕಾಫಿ ತೋಟವನ್ನು ಮಾಡಿಕೊಂಡಿದ್ದ ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (೧೯೩೮–೨೦೦೭) ಅವರು ತೋಟದ ಕೆಲಸದೊಡನೆಯೇ ಪಕ್ಷಿಗಳ ಚಿತ್ರಗಳನ್ನು ತೆಗೆದವರು. ಗೂಡಿನ ಬಳಿ ನಿತ್ಯವೂ ಸುಳಿದಾಡುವ ರೈತನ ಪರಿಚಯವು ಹಕ್ಕಿಗೆ ಮೊದಲೇ ಇರುವುದು; ಪರಸ್ಥಳದಿಂದ ಬಂದವನಿಗೆ ಆ ಅನುಕೂಲವಿಲ್ಲ. ಒಂದು ಗೂಡಿನ ಎಂಟು ಒಂಬತ್ತು ಚಿತ್ರಗಳನ್ನು ಪುಸ್ತಕದ ಲೆಕ್ಕದೊಡನೆ ಗ್ರಾಮದ ಪಾಠಶಾಲೆಯ ಗೋಡೆಗೆ ಹಾಕಿದರೆ, ಮುಂದಿನ ವರ್ಷ ಆ ಊರಿನ ಹುಡುಗರು ಗೂಬೆಗೆ ಕಲ್ಲೆಸೆಯುವುದಕ್ಕೆ ಮೊದಲು ಯೋಚಿಸುವರು. ಚಿತ್ರವು ಕೆಟ್ಟರೆ ಮತ್ತೊಂದನ್ನು ತೆಗೆಯಬಹುದು. ಸಂಸಾರವು ಕೆಟ್ಟರೆ ಆ ವರ್ಷದ ಇಲಿಗಳೆಲ್ಲವೂ ಗದ್ದೆಯಲ್ಲಿಯೇ ಉಳಿಯುವುವು. ಆದುದರಿಂದ ಮರಿಗಳ ಕ್ಷೇಮವನ್ನು ಮೊದಲು ನೋಡಿ, ಚಿತ್ರವನ್ನು ಆಮೇಲೆ ನೋಡತಕ್ಕದ್ದು.