ತಿಪ್ಪರಲಾಗದ ಲೆಕ್ಕ

ಆಗದ ಕೆಲಸಕ್ಕೆ ಕೈಹಾಕಿದವರನ್ನು ಕಂಡಾಗ ಹರಪನಹಳ್ಳಿ, ಹಡಗಲಿ ಸೀಮೆಯ ಹಿರಿಯರು ಹೇಳುವ ಮಾತೊಂದುಂಟು: 'ತಿಪ್ಪರಲಾಗ ಹಾಕಿದರೂ ಆಗೋದಿಲ್ಲ ಬಿಡು.' ಕನ್ನಡ ನಾಡಿನ ಉದ್ದಗಲಕ್ಕೂ ಚಾಲ್ತಿಯಲ್ಲಿರುವ ಈ ಮಾತನ್ನು ಆಡುವವರಲ್ಲಿ ಎಷ್ಟು ಮಂದಿ ನಿಜವಾದ ಲಾಗ ಹಾಕಿದ್ದಾರೋ ಗೊತ್ತಿಲ್ಲ. ಆದರೆ ಅಗರ್ತಲದ ಹುಡುಗಿಯೊಬ್ಬಳು ಓಡಿ ಬಂದು, ಮೇಜಿಗೆ ಕೈ ಕೊಟ್ಟು, ಗಾಳಿಯಲ್ಲಿ ಎರಡು ಬಾರಿ ಮುಂಲಾಗ ಹಾಕಿ ನೆಲಕ್ಕಿಳಿದಾಗ ಇಡೀ ದೇಶ ಟೀವಿ ಮುಂದೆ ಉಸಿರು ಹಿಡಿದು ಕುಳಿತಿತ್ತು. ಅದು 2016ರ ಆಗಸ್ಟ್ 14. ಊರು ಬ್ರೆಜಿಲ್‌ನ ರಿಯೊ. ಹುಡುಗಿ ದೀಪಾ ಕರ್ಮಾಕರ್.

ಆ ದಿನ ದೀಪಾ ಪಡೆದದ್ದು 15.066 ಅಂಕ. ಕಂಚಿನ ಪದಕ ಪಡೆದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ನಡುವೆ ಇದ್ದ ಅಂತರ 0.150. ಚಿನ್ನ ಅಮೆರಿಕದ ಸಿಮೋನ್ ಬೈಲ್ಸ್ ಪಾಲಾಯಿತು, ಬೆಳ್ಳಿ ರಷ್ಯಾದ ಮರಿಯಾ ಪಸೇಕಾ ಪಾಲಾಯಿತು, ನಮ್ಮ ಹುಡುಗಿ ನಾಲ್ಕನೆಯವಳಾದಳು. ಮರುದಿನ ಪತ್ರಿಕೆ ಓದಿದವರಿಗೆಲ್ಲ ಕಾಡಿದ ಪ್ರಶ್ನೆ ಒಂದೇ. ಓಟವಾದರೆ ಗಡಿಯಾರ ಹೇಳುತ್ತದೆ, ಉದ್ದಜಿಗಿತವಾದರೆ ಟೇಪು ಹೇಳುತ್ತದೆ. ಲಾಗಕ್ಕೆ ಮೂರು ದಶಾಂಶದ ಅಂಕ ಕೊಡುವುದು ಹೇಗೆ?

ಲೆಕ್ಕ ಕೇಳುವಷ್ಟು ಕಷ್ಟದ್ದಲ್ಲ. ತೀರ್ಪುಗಾರರದು ಎರಡು ಗುಂಪು. ಒಂದು ಗುಂಪು ನೋಡುವುದು ಮಾಡಿದ ವರಸೆ ಎಷ್ಟು ಕಠಿಣ ಎಂಬುದನ್ನು. ಪ್ರತಿ ವರಸೆಗೂ ಅಂತಾರಾಷ್ಟ್ರೀಯ ಫೆಡರೇಷನ್ನಿನ ನಿಯಮ ಪುಸ್ತಕದಲ್ಲಿ ಮೊದಲೇ ಬೆಲೆ ಕಟ್ಟಿರುತ್ತದೆ. ಇನ್ನೊಂದು ಗುಂಪು ನೋಡುವುದು ಎಷ್ಟು ಚೊಕ್ಕಟವಾಗಿ ಮಾಡಿದರು ಎಂಬುದನ್ನು. ಇವರು 10ರಿಂದ ಶುರುಮಾಡಿ ಕಳೆಯುತ್ತಾ ಹೋಗುತ್ತಾರೆ. ಮೊಣಕಾಲು ಕೊಂಚ ಬಾಗಿದರೆ 0.1, ಇನ್ನೂ ಹೆಚ್ಚು ಬಾಗಿದರೆ 0.3, ದೊಡ್ಡ ತಪ್ಪಿಗೆ 0.5, ಬಿದ್ದರೆ ಪೂರ್ತಿ 1 ಅಂಕ ಹೋಯಿತು. ಎರಡೂ ಗುಂಪಿನ ಅಂಕ ಕೂಡಿದರೆ ಫಲಿತಾಂಶ. ವಾಲ್ಟ್ ಫೈನಲ್‌ನಲ್ಲಿ ಎರಡು ಬಾರಿ ಹಾರಬೇಕು, ಎರಡರ ಸರಾಸರಿ ತೆಗೆಯುತ್ತಾರೆ.

ದೀಪಾರ ಮೊದಲ ಹಾರಾಟಕ್ಕೆ 14.866 ಬಂತು. ಎರಡನೆಯದು ಪ್ರೊದುನೋವಾ, ಅಂದರೆ ಆ ಜೋಡಿ ಮುಂಲಾಗ. ರಷ್ಯಾದ ಯೆಲೆನಾ ಪ್ರೊದುನೋವಾ 1999ರಲ್ಲಿ ಮಾಡಿ ತೋರಿಸಿದ್ದರಿಂದ ಅದಕ್ಕೆ ಆ ಹೆಸರು. ಆಗ ಅದರ ಕಾಠಿಣ್ಯದ ಬೆಲೆ 7.0. ತಿರುಗುವುದು ಒಂದಿಷ್ಟು ಕಡಿಮೆಯಾದರೂ ಕುತ್ತಿಗೆಯ ಮೇಲೆ ಬೀಳುವ ಅಪಾಯ ಇರುವುದರಿಂದ 'ಸಾವಿನ ವಾಲ್ಟ್' ಎಂಬ ಅಡ್ಡಹೆಸರೂ ಅದಕ್ಕುಂಟು. ದೀಪಾ ತಿರುಗಿದ್ದೇನೋ ಪೂರ್ತಿ, ಆದರೆ ಇಳಿದದ್ದು ತೀರಾ ಕುಕ್ಕರುಗಾಲಿನಲ್ಲಿ. ಚೊಕ್ಕಟತನಕ್ಕೆ ಸಿಕ್ಕಿದ್ದು 8.266. ಕೂಡಿದರೆ 15.266. ಇಳಿಯುವಾಗ ಸೊಂಟ ಕೊಂಚ ಮೇಲಿದ್ದಿದ್ದರೆ? ಕಂಚಿಗೆ ಬೇಕಿದ್ದದ್ದು ಅಷ್ಟೇ.

ಇಂಥ ಲೆಕ್ಕ ಬಂದದ್ದು 2006ರಿಂದ ಈಚೆಗೆ. ಅದಕ್ಕೂ ಮೊದಲು ಹತ್ತಕ್ಕೆ ಹತ್ತು ಎಂಬುದೇ ಕೊನೆಯ ಮಾತಾಗಿತ್ತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ರುಮೇನಿಯಾದ 14 ವರ್ಷದ ನಾದಿಯಾ ಕೊಮನೇಚಿ ಹತ್ತು ಅಂಕ ಗಳಿಸಿದಾಗ, ಅಂಕಫಲಕಕ್ಕೆ ಹತ್ತು ತೋರಿಸಲು ಬಾರದೆ 1.00 ಎಂದು ತೋರಿಸಿದ ಕಥೆ ಹಲವರಿಗೆ ನೆನಪಿರಬಹುದು.

ದೀಪಾರ ಕಥೆ ರಿಯೊದಲ್ಲಿ ಮುಗಿಯಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆ, ನಿಷೇಧಿತ ಮದ್ದಿನ ಪ್ರಕರಣದಲ್ಲಿ 21 ತಿಂಗಳ ಅಮಾನತು, ಇವೆಲ್ಲ ದಾಟಿ 2024ರ ಮೇ 26ರಂದು ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಾಲ್ಟ್ ಚಿನ್ನ ಗೆದ್ದರು. ಅಂಕ 13.566. ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ರಿಯೊಗಿಂತ ಅಂಕ ಕಡಿಮೆಯಾಯಿತಲ್ಲ ಎನ್ನುವಂತಿಲ್ಲ. ನಡುವಿನ ವರ್ಷಗಳಲ್ಲಿ ನಿಯಮ ಪುಸ್ತಕ ವಾಲ್ಟ್ ವರಸೆಗಳ ಬೆಲೆಯನ್ನೇ ಇಳಿಸಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ದೀಪಾ ನಿವೃತ್ತರಾದರು.

ಅಗರ್ತಲದಲ್ಲಿ ಅವರು ಆರನೇ ವಯಸ್ಸಿಗೆ ಕಲಿಯಲು ಹೋದಾಗ ಸರಿಯಾದ ವಾಲ್ಟ್ ಮೇಜೂ ಇರಲಿಲ್ಲ. ತರಬೇತುದಾರ ಬಿಶ್ವೇಶ್ವರ್ ನಂದಿ ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಸಲಕರಣೆ ಜೋಡಿಸಿಕೊಟ್ಟಿದ್ದರು. ಇದನ್ನು ಓದಿದಾಗ ಬಯಲುಸೀಮೆಯವರಿಗೆ ಒಂದು ಮಾತು ಹೊಳೆಯದೆ ಇರದು. ಸಲಕರಣೆಯೇ ಇಲ್ಲದೆ ಲಾಗ ಹಾಕುವವರು ನಮ್ಮ ಜಾತ್ರೆಗಳಲ್ಲಿ ಎಷ್ಟು ತಲೆಮಾರು ಇದ್ದರಲ್ಲ, ಅವರೇನಾದರು?

ಕಂಬ, ಕುಸ್ತಿ, ಕುಣಿತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದೂ ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದವು. ಆದರೆ ಈ ನೆಲದ ಗುಡಿಗಳು ಹಂಪಿಗಿಂತ ಹಳೆಯವು. ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಹಿರೇಹಡಗಲಿ, ತುಂಗಭದ್ರೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ, ಎಲ್ಲವೂ ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಕುರುವತ್ತಿಯ ಮದನಿಕೆಯರನ್ನು ನೋಡಿದವರಿಗೆ, ಸೊಂಟ ಅಷ್ಟು ಬಾಗಿಸಿಯೂ ತೂಕ ತಪ್ಪದೆ ನಿಲ್ಲುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅದೇ ಮನೆತನದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಅರಸನಿಗೆ ತಿಳಿದಿರಬೇಕಾದ ನೂರು ಸಂಗತಿಗಳು ಅದರಲ್ಲಿವೆ. ಅಡುಗೆಯಿಂದ ಆನೆಯವರೆಗೆ ಏನನ್ನೂ ಬಿಟ್ಟಿಲ್ಲ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳ ತಾಲೀಮಿನ ವಿವರ ಬರುತ್ತದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳಿಗೆ ತೋಳು ಕೊಟ್ಟು ನೂಕುವುದು, ಇವುಗಳ ಜೊತೆಗೆ ಕಂಬದ ಮೇಲಿನ ಸಾಮು. ಇಂದು ಮಲ್ಲಕಂಬ ಎನ್ನುವ ಆಟಕ್ಕೆ ಸಿಗುವ ತೀರಾ ಹಳೆಯ ಬರಹದ ಆಧಾರಗಳಲ್ಲಿ ಇದು ಮುಖ್ಯವಾದದ್ದು. ಮಲ್ಲಕಂಬವೆಂದರೆ ಮರಾಠಿಗರದು ಎಂದೇ ಹಲವರು ತಿಳಿದಿದ್ದಾರೆ. ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಅದಕ್ಕೆ ಮರುಜೀವ ಕೊಟ್ಟದ್ದು ನಿಜ. ಆದರೆ ಅದನ್ನು ಮೊದಲು ಬರೆದಿಟ್ಟವನು ಕಲ್ಯಾಣದ ಅರಸ ಎಂಬುದನ್ನು ಕನ್ನಡಿಗರು ಮರೆಯಬಾರದು.

ಇನ್ನು ಹಂಪಿ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟ ವಿವರವನ್ನು, ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಕೃಷ್ಣದೇವರಾಯ ನಸುಕಿನಲ್ಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಲ್ಲಿ ಮಾಡಿದ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ ಸಂಗತಿ ಹಲವರಿಗೆ ಗೊತ್ತು. ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ ಇನ್ನೊಂದುಂಟು. ಅರಮನೆಯ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುವ ಹಜಾರವೊಂದನ್ನೂ ಪಾಯಸ್ ಕಂಡಿದ್ದ. ಅದರ ಒಂದು ಕೊನೆಯಲ್ಲಿ ಬಣ್ಣ ಬಳಿದ ಗೂಡಿನಂಥ ಜಾಗ. ಅಲ್ಲಿ ಕೈಯಿಂದ ಹಿಡಿದು ಜೋತು, ಮೈ ಕಾಲು ಎಳೆದು ಸಡಿಲ ಮಾಡಿಕೊಳ್ಳುವುದನ್ನು ಕಲಿಸುತ್ತಿದ್ದರಂತೆ. ಗೋಡೆಯ ಚೌಕಗಳಲ್ಲಿ ಕುಣಿತ ಮುಗಿಯುವಾಗ ನಿಲ್ಲಬೇಕಾದ ಭಂಗಿಗಳನ್ನು ಕೆತ್ತಿದ್ದರು. ಕುಣಿಯುವವಳು ಕೊನೆಯ ನಿಲುವನ್ನು ಮರೆತರೆ ಗೋಡೆ ನೋಡಿ ನೆನಪು ಮಾಡಿಕೊಳ್ಳಲಿ ಎಂದು.

ಈಗ ಜಿಮ್ನಾಸ್ಟಿಕ್ಸ್ ತರಬೇತಿಯಲ್ಲಿ ಹೆಚ್ಚಿನ ಕಷ್ಟ ಇರುವುದು ಇವೆರಡರಲ್ಲೇ. ಒಂದು ಮೈ ಸಡಿಲಿಕೆ, ಇನ್ನೊಂದು ಕೊನೆಯ ನಿಲುವು. ದೀಪಾಗೆ ಪದಕ ತಪ್ಪಿದ್ದೂ ಕೊನೆಯ ನಿಲುವಿನಲ್ಲಿಯೇ.

ಗಣೆ ಏರಿದವರು

ಅರಮನೆಯ ಹಜಾರ ಹಾಳಾಯಿತು, ಗರಡಿಮನೆಗಳು ಉಳಿದವು. ಆದರೆ ಗರಡಿಯಲ್ಲಿ ಭಾರ, ಪಟ್ಟು ಮುಖ್ಯವೇ ಹೊರತು ಗಾಳಿಯಲ್ಲಿ ತಿರುಗುವ ಲಾಗವಲ್ಲ. ಲಾಗವನ್ನು ಬದುಕಾಗಿ ಉಳಿಸಿಕೊಂಡವರು ದೊಂಬರು. ಜಾತ್ರೆಯ ಬಯಲಿನಲ್ಲೋ ಊರ ಮುಂದಿನ ಕಟ್ಟೆಯ ಬಳಿಯೋ ಡೋಲು ಬಡಿದು, ಗಣೆ ನೆಟ್ಟು, ನಾಲ್ಕೂ ಕಡೆ ಹಗ್ಗ ಬಿಗಿದು, ಮನೆಯ ಹೆಣ್ಣುಮಗಳು ತುದಿಗೇರಿ ಹೊಟ್ಟೆಯ ಮೇಲೆ ಬುಗುರಿಯಂತೆ ತಿರುಗುವುದನ್ನು ನೋಡಿದವರು ಇಂದಿಗೂ ಇದ್ದಾರೆ. ನೆಲದ ಮೇಲೆ ಅಂತರಲಾಗ, ಹಗ್ಗದ ಮೇಲೆ ನಡಿಗೆ. ಆಟ ಮುಗಿದ ಮೇಲೆ ಜೋಳ, ಹಳೆಯ ಸೀರೆ, ಚಿಲ್ಲರೆ ಕಾಸು.

1953ರ ಅಕ್ಟೋಬರ್ 1ರವರೆಗೆ ಈ ಭಾಗವೆಲ್ಲ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆ. ಆ ಪ್ರಾಂತದ ಜಾತಿಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟ ಹೊರತಂದ. ದೊಂಬರಲ್ಲಿ ಕೆಲವರು ಅಲೆಮಾರಿಗಳು, ಕೆಲವರು ನೆಲೆನಿಂತು ಕೂಲಿ ಮಾಡುತ್ತಾರೆ, ಕೆಲವರು ಮರದ ಬಾಚಣಿಗೆ ಮಾಡಿ ಮಾರುತ್ತಾರೆ ಎಂದು ಅದರಲ್ಲಿ ದಾಖಲಿಸಿದ್ದಾನೆ. ಸರ್ಕಾರ ಮಾತ್ರ ಇವರನ್ನು ಆಟಗಾರರೆಂದು ನೋಡಲಿಲ್ಲ. ಒಂದೂರಲ್ಲಿ ನಿಲ್ಲದವರೆಲ್ಲ ಅದರ ಕಣ್ಣಿಗೆ ಅನುಮಾನಾಸ್ಪದರು. ಮದ್ರಾಸ್ ಪ್ರಾಂತದಲ್ಲಿ ಅಪರಾಧಿ ಬುಡಕಟ್ಟುಗಳೆಂಬ ಪಟ್ಟಿಗೆ ದೊಂಬರ ಹೆಸರೂ ಸೇರಿತು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ಕಾಯ್ದೆ ಹೋದರೂ ಮಾತು ಹೋಗಲಿಲ್ಲ. ಇವತ್ತಿಗೂ ರಾಜಕೀಯದವರ ನಾಚಿಕೆಗೇಡನ್ನು ಬಣ್ಣಿಸಲು 'ದೊಂಬರಾಟ' ಎಂದು ತಲೆಬರಹ ಕೊಡುವ ಪತ್ರಿಕೆಗಳಿವೆ. ಬಿದ್ದರೆ ಬೆನ್ನು ಮುರಿಯುವ ಆಟಕ್ಕೂ ಪಕ್ಷ ಬದಲಿಸುವವರ ಆಟಕ್ಕೂ ಯಾವ ಹೋಲಿಕೆಯೋ!

ಇದೇ ಕಾಲದಲ್ಲಿ ಯುರೋಪಿನಲ್ಲಿ ನಡೆದದ್ದು ಬೇರೆ. ಜರ್ಮನಿಯ ಯಾನ್ 1811ರಲ್ಲಿ ಬರ್ಲಿನ್ ಹೊರಗಿನ ಬಯಲಿನಲ್ಲಿ ಹುಡುಗರಿಗೆಂದು ಕಂಬಿ, ದಂಡಗಳನ್ನು ನೆಟ್ಟ. ನೆಪೋಲಿಯನ್ನನ ಸೈನ್ಯಕ್ಕೆ ಸೋತ ನಾಡಿಗೆ ಗಟ್ಟಿಮುಟ್ಟಾದ ಯುವಕರು ಬೇಕಾಗಿದ್ದರು. ಹೀಗೆ ಅಲ್ಲಿ ಲಾಗ ಹಾಕುವುದು ದೇಶಸೇವೆಯಾಯಿತು, ಶಾಲೆಯ ಪಾಠವಾಯಿತು, 1896ರಲ್ಲಿ ಒಲಿಂಪಿಕ್ಸ್‌ಗೂ ಬಂತು. ಹೆಂಗಸರಿಗೆ ಪ್ರವೇಶ ಸಿಕ್ಕಿದ್ದು 1928ರಲ್ಲಿ. ಮದ್ರಾಸಿನಲ್ಲಿ 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕನ್ ವೈಎಂಸಿಎ ವತಿಯಿಂದ ದೈಹಿಕ ಶಿಕ್ಷಣ ಕಾಲೇಜು ತೆರೆದ. ಡ್ರಿಲ್ಲು, ಕವಾಯತು, ಚೆಂಡಾಟ ಪ್ರಾಂತದ ಶಾಲೆಗಳಿಗೆ ಬಂದವು. ಊರ ಹೊರಗೆ ಗಣೆ ನೆಟ್ಟವನನ್ನು ಕರೆದು ಮಕ್ಕಳಿಗೆ ಕಲಿಸಪ್ಪಾ ಎನ್ನುವುದು ಯಾವ ಡ್ರಿಲ್ ಮಾಸ್ತರರ ಪಠ್ಯದಲ್ಲೂ ಇರಲಿಲ್ಲ. ವಿದ್ಯೆ ಎಲ್ಲಿತ್ತೋ ಅಲ್ಲಿ ಶಾಲೆ ಇರಲಿಲ್ಲ, ಶಾಲೆಯಲ್ಲಿ ಆ ವಿದ್ಯೆ ಇರಲಿಲ್ಲ.

ಮಲ್ಲಕಂಬದ ಅದೃಷ್ಟ ಸ್ವಲ್ಪ ವಾಸಿ. ಅದಕ್ಕೆ ಗರಡಿಯ ಗೌರವವಿತ್ತು, ವ್ಯಾಯಾಮ ಶಾಲೆಗಳ ಆಸರೆ ಸಿಕ್ಕಿತು. ನೆಟ್ಟ ಕಂಬ, ತೂಗುಕಂಬ, ಹಗ್ಗ ಎಂಬ ಮೂರು ಬಗೆಯಲ್ಲಿ ಸ್ಪರ್ಧೆ ಬೆಳೆಯಿತು. 2019ರ ಫೆಬ್ರುವರಿಯಲ್ಲಿ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಸುಮಾರು 15 ದೇಶಗಳವರು ಬಂದಿದ್ದರು. ತಂಡ ಪ್ರಶಸ್ತಿ ಭಾರತಕ್ಕೇ ಬಂತು. 2023ರಲ್ಲಿ ಎರಡನೆಯದು ಭೂತಾನಿನಲ್ಲಿ ನಡೆಯಿತು. ಕಲಿಸುವವರು ನಾವು, ಕಲಿಯುವವರು ಅವರು ಎಂಬಂತಿರುವ ಸ್ಪರ್ಧೆಯಲ್ಲಿ ಗೆದ್ದದ್ದು ದೊಡ್ಡ ಸುದ್ದಿಯೇನಲ್ಲ. ಸೋಲುವ ದಿನ ಬಂದಾಗ ಆಟ ನಿಜವಾಗಿ ಬೆಳೆದಿದೆ ಎನ್ನಬಹುದು.

ದೊಂಬರ ಆಟಕ್ಕೆ ಇಂಥ ಸಂಘವೂ ಇಲ್ಲ, ಅಂಕವೂ ಇಲ್ಲ. ಜಿಮ್ನಾಸ್ಟಿಕ್ಸ್‌ನಲ್ಲಿ ದೊಡ್ಡ ಸ್ಪರ್ಧೆಯಲ್ಲಿ ಹೊಸ ವರಸೆ ಮಾಡಿ ತೋರಿಸಿದವರ ಹೆಸರು ನಿಯಮ ಪುಸ್ತಕಕ್ಕೆ ಏರುತ್ತದೆ, ಪ್ರೊದುನೋವಾ ಹೆಸರು ಏರಿದಂತೆ. ಗಣೆಯ ತುದಿಯಲ್ಲಿ ಮೊದಲು ತಿರುಗಿದವಳ ಹೆಸರು ಏರಿಸಲು ಪುಸ್ತಕವೇ ಇರಲಿಲ್ಲ.

ಈಗ ಆ ಆಟ ಅಪರೂಪವಾಗಿದೆ. ಅದಕ್ಕೆ ಕಣ್ಣೀರು ಹಾಕುವ ಮೊದಲು ಒಂದು ಮಾತು ಯೋಚಿಸಬೇಕು. ಗಣೆ ಏರುತ್ತಿದ್ದವರಲ್ಲಿ ಮಕ್ಕಳೂ ಇದ್ದರು, ಶಾಲೆಗೆ ಹೋಗದ ಮಕ್ಕಳು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದೇಶಿಸಿತು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂದಾಗ, 14 ವರ್ಷದೊಳಗಿನವರು ಕ್ರೀಡೆಯಲ್ಲಿ ತೊಡಗಬಹುದು, ಆದರೆ ಸರ್ಕಸ್ ಆಗದು ಎಂದು ಅದರಲ್ಲೇ ಬರೆದರು. ಆರು ವರ್ಷದ ಮಗು ಅಗರ್ತಲದ ಕ್ಲಬ್ಬಿನಲ್ಲಿ ಲಾಗ ಕಲಿತರೆ ಕ್ರೀಡೆ, ಕೊಟ್ಟೂರಿನ ತೇರುಬಯಲಿನಲ್ಲಿ ಅದೇ ಲಾಗ ಹಾಕಿ ಬಟ್ಟಲು ಹಿಡಿದರೆ ದುಡಿಮೆ. ಹೆಣ್ಣುಮಕ್ಕಳು ಹಿರಿಯರ ಅಂತಾರಾಷ್ಟ್ರೀಯ ಸ್ಪರ್ಧೆಗೆ ಇಳಿಯಲು 16 ವರ್ಷ ತುಂಬಬೇಕೆಂಬ ನಿಯಮವನ್ನು 1997ರಲ್ಲಿ ಫೆಡರೇಷನ್ ತಂದದ್ದೂ ಎಳೆಯ ಮೈಗಳಿಗೆ ಆಗುತ್ತಿದ್ದ ಪೆಟ್ಟು ಕಂಡೇ.

ಹಾಗಾದರೆ ವ್ಯತ್ಯಾಸ ಇರುವುದು ಲಾಗದಲ್ಲಲ್ಲ, ಅದರ ಸುತ್ತ ಇರುವ ವ್ಯವಸ್ಥೆಯಲ್ಲಿ. ವಾಲ್ಟ್‌ಗೆ 25 ಮೀಟರ್ ಓಟದ ಹಾದಿ, ಹೆಂಗಸರಿಗೆ 125 ಸೆಂಟಿಮೀಟರ್ ಎತ್ತರದ ಮೇಜು, ಇಳಿಯುವಲ್ಲಿ 20 ಸೆಂಟಿಮೀಟರ್ ದಪ್ಪದ ಹಾಸು, ಪಕ್ಕದಲ್ಲಿ ವೈದ್ಯರು. ಇಷ್ಟೆಲ್ಲ ಇದ್ದೂ ಪ್ರೊದುನೋವಾ ಮಾಡಲು ಧೈರ್ಯ ಮಾಡಿದ ಹೆಂಗಸರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಗಣೆಯ ಕೆಳಗೆ ಇರುತ್ತಿದ್ದುದು ಊರ ಮಣ್ಣು, ಮತ್ತು ಡೋಲು ಬಡಿಯುತ್ತಲೇ ಒಂದು ಕಣ್ಣು ಮೇಲಿಟ್ಟುಕೊಂಡ ಅಪ್ಪ.